ಬುಧವಾರದ ಪತ್ರಿಕೆ: ಮೇರಿಯನ್ ಕೌಂಟಿ ರೆಕಾರ್ಡ್

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವುದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಮೇರಿಯನ್ ಎಂಬ ಊರು. ವಿಚಿಟಾ ನಗರದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಬರುವಾಗ ಎರಡೂ ಬದಿಗೆ ಗೋಧಿಯ ಹೊಲ, ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಧಾನ್ಯ ತುಂಬಿಡುವ ಎತ್ತರದ ಗೋಪುರ. ಇಲ್ಲಿನ ಜನಸಂಖ್ಯೆ ಎರಡು ಸಾವಿರ ಮುಟ್ಟುವುದಿಲ್ಲ. ಸುಣ್ಣಕಲ್ಲಿನಲ್ಲಿ ಕಟ್ಟಿದ ಆ ದೊಡ್ಡ ಕಟ್ಟಡ ಕೌಂಟಿಯ ನ್ಯಾಯಾಲಯ. ಕೌಂಟಿ ಎಂದರೆ ವಿಸ್ತಾರದಲ್ಲಿ ನಮ್ಮ ಎರಡು ಮೂರು ತಾಲ್ಲೂಕುಗಳಷ್ಟು, ಜನ ಮಾತ್ರ ಒಂದು ಹೋಬಳಿಗೂ ಸಾಲದಷ್ಟು: ಇಡೀ ಮೇರಿಯನ್ ಕೌಂಟಿಯಲ್ಲಿ ಇರುವವರು ಸುಮಾರು 12,000 ಮಂದಿ.

ಇಷ್ಟು ಜನರಿಗಾಗಿ 1869ರಿಂದ ಒಂದು ವಾರಪತ್ರಿಕೆ ಇದೆ. ಹೆಸರು ಮೇರಿಯನ್ ಕೌಂಟಿ ರೆಕಾರ್ಡ್. 2023ರ ಆಗಸ್ಟ್‌ನಲ್ಲಿ ಪೊಲೀಸರು ಇದರ ಕಚೇರಿಗೆ ನುಗ್ಗಿ ಕಂಪ್ಯೂಟರುಗಳನ್ನು ಹೊತ್ತೊಯ್ದಾಗ ಹೊರಗಿನ ಜಗತ್ತಿಗೆ ಇದರ ಹೆಸರು ತಿಳಿಯಿತು. ಆ ದಾಳಿಯ ಬಗ್ಗೆ ಬೇಕಾದಷ್ಟು ವಿಡಿಯೊಗಳಿವೆ. ಅವುಗಳಲ್ಲಿ ಹೆಚ್ಚಿನವು ಶುಕ್ರವಾರ ಬೆಳಿಗ್ಗೆಯಿಂದ ಕಥೆ ಶುರು ಮಾಡುತ್ತವೆ. ನನಗೆ ಅದರ ಹಿಂದಿನ ನೂರೈವತ್ತು ವರ್ಷಗಳ ಮೇಲೆ ಕಣ್ಣು. ಒಂದು ಹಳ್ಳಿಗಾಡಿನ ಪತ್ರಿಕೆ ಇಷ್ಟು ಕಾಲ ಬದುಕಿದ್ದು ಹೇಗೆ, ಯಾರ ದುಡ್ಡಿನಿಂದ, ಯಾರ ಹಟದಿಂದ ಎಂದು ಗೊತ್ತಾದರೆ ಆ ಶುಕ್ರವಾರವೂ ಅರ್ಥವಾಗುತ್ತದೆ.

ಮೊದಲು ಅಂಚೆಯ ವಿಷಯ ಹೇಳಿಬಿಡುತ್ತೇನೆ. ಕೌಂಟಿಗೊಂದು ವಾರಪತ್ರಿಕೆ ಎಂಬುದು ಅಮೆರಿಕದಲ್ಲಿ ತಾನಾಗಿ ಹುಟ್ಟಿಕೊಂಡ ಪದ್ಧತಿಯಲ್ಲ. 1851ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿತು: ವಾರಪತ್ರಿಕೆಯನ್ನು ಅದು ಪ್ರಕಟವಾಗುವ ಕೌಂಟಿಯ ಒಳಗಿನ ಚಂದಾದಾರರಿಗೆ ಅಂಚೆ ಇಲಾಖೆ ಉಚಿತವಾಗಿ ತಲುಪಿಸಬೇಕು. ದೂರದ ನ್ಯೂಯಾರ್ಕಿನ ಪತ್ರಿಕೆಗಳು ಹಳ್ಳಿಯ ಸಂಪಾದಕನ ಅನ್ನ ಕಸಿಯಬಾರದು ಎಂಬುದು ಇದರ ಹಿಂದಿನ ಲೆಕ್ಕಾಚಾರ. ಹೀಗೆ ಕೌಂಟಿಯ ಗಡಿಯೇ ಪತ್ರಿಕೆಯ ಗಡಿಯೂ ಆಯಿತು.

ಅಂಚೆ ಉಚಿತವಾದರೂ ಕಾಗದ, ಮಸಿ, ಕೂಲಿ ಉಚಿತವಲ್ಲವಲ್ಲ. ಅದಕ್ಕೂ ಸರ್ಕಾರವೇ ಒಂದು ದಾರಿ ತೋರಿಸಿತು. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ನೆಲೆ ನಿಂತು ಉಳುಮೆ ಮಾಡಿದವನಿಗೆ 160 ಎಕರೆ ಜಮೀನು. ಆ ಜಮೀನು ಹಾಗೆ ಖಾಲಿ ಬಿದ್ದಿರಲಿಲ್ಲ, ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿ ತೆರವು ಮಾಡಿದ್ದು ಎಂಬುದನ್ನು ಇಲ್ಲಿಯೇ ಹೇಳಿ ಮುಂದೆ ಹೋಗುತ್ತೇನೆ. ಕಾಯಂ ಪಟ್ಟಾ ಕೇಳುವ ಮುನ್ನ ಒಕ್ಕಲಿಗ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು ಎಂದು 1879ರಲ್ಲಿ ನಿಯಮ ಬಂತು. ಅದೂ ಜಮೀನಿಗೆ ಅತ್ಯಂತ ಹತ್ತಿರದ ಪತ್ರಿಕೆಯಲ್ಲೇ.

ಈ ಪ್ರಕಟಣೆಗಳನ್ನು ಒಮ್ಮೆ ಓದಿ ನೋಡಿ, ಹುಲ್ಲುಗಾವಲು ರಾಜ್ಯಗಳ ಹಳೆಯ ಪತ್ರಿಕೆಗಳ ತುಂಬ ಇವೇ. ಇಂಥ ಕಚೇರಿಯಲ್ಲಿ, ಇಂಥ ದಿನ, ಇಂಥವನು ತನ್ನ ಹಕ್ಕನ್ನು ರುಜುವಾತು ಮಾಡಲಿದ್ದಾನೆ. ಜಮೀನಿನ ಚಕ್ಕುಬಂದಿಯ ಬದಲು ಸರ್ವೆಯ ಅಂಕಿಗಳು. ಕೊನೆಗೆ, ಅವನು ಅಲ್ಲೇ ವಾಸವಿದ್ದು ಉಳುಮೆ ಮಾಡಿದ್ದು ನಿಜ ಎಂದು ಹೇಳಬಲ್ಲ ನಾಲ್ವರು ನೆರೆಹೊರೆಯವರ ಹೆಸರು. ಅಷ್ಟೇ. ಕಥೆಯಿಲ್ಲ, ವರ್ಣನೆಯಿಲ್ಲ. ಆದರೆ ಓದುವವನಿಗೆ ಆ ನಾಲ್ವರೂ ಗೊತ್ತು. ಯಾರಾದರೂ ಸುಳ್ಳು ಸಾಕ್ಷಿಗೆ ಒಪ್ಪಿದ್ದರೆ ಮುಂದಿನ ಸಂತೆಯ ಹೊತ್ತಿಗೆ ಊರಿಗೆಲ್ಲ ತಿಳಿಯುತ್ತಿತ್ತು. ಸಂಪಾದಕೀಯಕ್ಕಿಂತ ಇಂಥ ಸಣ್ಣ ಅಕ್ಷರದ ಪ್ರಕಟಣೆಯೇ ಜನರನ್ನು ನೆಟ್ಟಗಿಟ್ಟಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ದುಡ್ಡೂ ಇದರಲ್ಲೇ ಇತ್ತು. ಪಟ್ಟಾ ಹಂಚಿಕೆ ಮುಗಿದ ಕಡೆ ಎಷ್ಟೋ ಪತ್ರಿಕೆಗಳು ಬಾಗಿಲು ಹಾಕಿದವು. ಉಳಿದವುಗಳಿಗೆ ನಗರಸಭೆಯ ಟೆಂಡರು, ತೆರಿಗೆ ಬಾಕಿಯ ಪಟ್ಟಿ, ಆಯವ್ಯಯದ ಪ್ರಕಟಣೆಗಳು ಆಸರೆಯಾದವು. ಇಂದಿಗೂ ಅಮೆರಿಕದ ಸಣ್ಣ ಪತ್ರಿಕೆಗಳ ಜೇಬಿನಲ್ಲಿ ಆ ದುಡ್ಡು ದೊಡ್ಡ ಪಾಲು. ಯಾವ ಕಚೇರಿಯ ಹುಳುಕನ್ನು ಬರೆಯಬೇಕೋ ಅದೇ ಕಚೇರಿಯಿಂದ ಜಾಹೀರಾತಿನ ಬಿಲ್ಲು ಪಾಸಾಗಬೇಕು. ಈ ಇಕ್ಕಟ್ಟಿನಲ್ಲಿ ಬೆನ್ನು ಬಗ್ಗಿಸದೆ ನಿಲ್ಲುವುದು ಎಲ್ಲರಿಂದಲೂ ಆಗುವ ಮಾತಲ್ಲ.

ಇನ್ನು ಪುಟ ತುಂಬಿಸುವ ಕೆಲಸ. ಆಗ ಪತ್ರಿಕೆ ಎಂದರೆ ಸಾಮಾನ್ಯವಾಗಿ ನಾಲ್ಕು ಪುಟ. ಒಬ್ಬ ಸಂಪಾದಕ, ಒಬ್ಬ ಹುಡುಗ, ಒಂದು ಕೈ ಮುದ್ರಣ ಯಂತ್ರ. ಅಕ್ಷರಕ್ಕೊಂದರಂತೆ ಇರುವ ಸೀಸದ ಅಚ್ಚುಮೊಳೆಗಳನ್ನು ಒಂದೊಂದೇ ಹೆಕ್ಕಿ, ತಲೆಕೆಳಗಾಗಿ ಜೋಡಿಸಿ, ಅಚ್ಚಾದ ಮೇಲೆ ಅದೇ ಮೊಳೆಗಳನ್ನು ಮತ್ತೆ ಬಿಡಿಸಿ ಪೆಟ್ಟಿಗೆಯ ಆಯಾ ಖಾನೆಗೆ ಹಾಕಬೇಕು. ನಾಲ್ಕು ಪುಟವನ್ನು ಹೀಗೆ ವಾರ ವಾರ ತುಂಬಿಸುವುದು ಇಬ್ಬರ ಕೈಯಲ್ಲಿ ಆಗದು. ಅಂತರ್ಯುದ್ಧದ ಕಾಲದಲ್ಲಿ ವಿಸ್ಕಾನ್ಸಿನ್‌ನ ಎ.ಎನ್. ಕೆಲಾಗ್ ಎಂಬ ಸಂಪಾದಕರಿಗೆ ಇದೇ ತಾಪತ್ರಯ. ಅಚ್ಚುಗಾರರು ಸೇನೆಗೆ ಸೇರಿದ್ದರು. ಅವರು ಒಂದು ಬದಿ ಆಗಲೇ ಅಚ್ಚಾದ ಹಾಳೆಗಳನ್ನು ನಗರದಿಂದ ತರಿಸಿ, ಇನ್ನೊಂದು ಬದಿಯಲ್ಲಿ ಊರಿನ ಸುದ್ದಿ ಅಚ್ಚು ಹಾಕಿದರು. ಮುಂದೆ ಇದೇ ದೊಡ್ಡ ವ್ಯಾಪಾರವಾಯಿತು. ಸಾವಿರಾರು ಹಳ್ಳಿ ಪತ್ರಿಕೆಗಳ ಒಂದು ಬದಿಯಲ್ಲಿ ಎಲ್ಲೆಡೆಯೂ ಒಂದೇ ಧಾರಾವಾಹಿ, ಒಂದೇ ಔಷಧದ ಜಾಹೀರಾತು. ಮಗುಚಿದರೆ ಮಾತ್ರ ಆಯಾ ಊರು.

ಈಗ ಮೇರಿಯನ್‌ಗೆ ಮರಳೋಣ. 1874 ಈ ನಾಡು ಮರೆಯಲಾಗದ ವರ್ಷ. ಆ ಬೇಸಿಗೆಯಲ್ಲಿ ಮಿಡತೆಗಳ ದಂಡು ಕ್ಯಾನ್ಸಸ್‌ನ ಮೇಲೆ ಎರಗಿ ಜೋಳದ ತೆನೆಯಿಂದ ಹಿಡಿದು ಒಣಗಲು ಹಾಕಿದ ಬಟ್ಟೆಯವರೆಗೆ ತಿಂದು ಮುಗಿಸಿತು. ಅದೇ ವರ್ಷ ರಷ್ಯಾ ಸಾಮ್ರಾಜ್ಯದಿಂದ ಮೆನೊನೈಟ್ ಎಂಬ ಕ್ರೈಸ್ತ ಪಂಥದ ಜರ್ಮನ್ ಭಾಷಿಕ ರೈತರು ಇಲ್ಲಿಗೆ ಬಂದಿಳಿದರು. ಅವರು ತಂದ ಟರ್ಕಿ ರೆಡ್ ಎಂಬ ಚಳಿಗಾಲದ ಗೋಧಿ ಮುಂದೆ ಕ್ಯಾನ್ಸಸ್ ಅನ್ನು ಗೋಧಿಯ ಕಣಜ ಮಾಡಿತು. ಆ ವರ್ಷವೇ ಎಡ್ವರ್ಡ್ ವಾಲಿಸ್ ಹೋಕ್ ಎಂಬ ಯುವಕ ಈ ಪತ್ರಿಕೆಯನ್ನು ವಹಿಸಿಕೊಂಡರು. ಕೆಂಟಕಿಯಲ್ಲಿ ಹುಟ್ಟಿ, ಅಲ್ಲಿನ ಪತ್ರಿಕೆಯೊಂದರ ಕಚೇರಿಯಲ್ಲಿ ಮೊಳೆ ಜೋಡಿಸುವ ಕೆಲಸ ಕಲಿತು, ಜಮೀನು ಅರಸಿ ಇಲ್ಲಿಗೆ ಬಂದಿದ್ದವರು. ಬೆಳೆ ಮಿಡತೆಯ ಪಾಲಾದ ವರ್ಷದಲ್ಲಿ ಚಂದಾ ವಸೂಲಿ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಆ ಕಾಲದ ಹಳ್ಳಿ ಸಂಪಾದಕರು ಚಂದಾ ಹಣದ ಬದಲು ಸೌದೆ, ಕಾಳು, ಕೋಳಿ ಪಡೆಯುತ್ತಿದ್ದುದು ಮಾಮೂಲಿ.

ಹೋಕ್ ಸಂಪಾದಕರಾಗಿ ನಿಂತರು, ರಾಜಕೀಯಕ್ಕೂ ಇಳಿದರು. ಶಾಸಕರಾದರು, 1905ರಿಂದ 1909ರವರೆಗೆ ಕ್ಯಾನ್ಸಸ್‌ನ ರಾಜ್ಯಪಾಲರಾಗಿದ್ದರು. ಅಮೆರಿಕದಲ್ಲಿ ರಾಜ್ಯಪಾಲ ಎಂದರೆ ಚುನಾಯಿತ ಆಡಳಿತಗಾರ, ನಮ್ಮ ಮುಖ್ಯಮಂತ್ರಿಯ ಹಾಗೆ. ಅವರ ಮಗ ಹೋಮರ್ ಹೋಕ್ ಕೂಡ ಇದೇ ಪತ್ರಿಕೆಯಲ್ಲಿ ದುಡಿದು, 1919ರಿಂದ 1933ರವರೆಗೆ ಸಂಸತ್ ಸದಸ್ಯರಾಗಿ, ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಸಂಪಾದಕನ ಕುರ್ಚಿಯಿಂದ ಅಧಿಕಾರದ ಕುರ್ಚಿಗೆ ಇಷ್ಟು ಸಲೀಸಾದ ದಾರಿ ಇದ್ದುದು ನನಗೆ ಅಷ್ಟೇನೂ ಹಿಡಿಸುವುದಿಲ್ಲ. ಆದರೆ ಆಗಿನ ಪತ್ರಿಕೆಗಳು ತಮ್ಮ ಪಕ್ಷವನ್ನು ಮುಚ್ಚಿಡುತ್ತಿರಲಿಲ್ಲ, ಹೋಕ್ ರಿಪಬ್ಲಿಕನ್ ಎಂಬುದು ಓದುವವರಿಗೆಲ್ಲ ಗೊತ್ತಿತ್ತು. ಒಂದು ದೊಡ್ಡ ಪುಣ್ಯದ ಕೆಲಸವನ್ನೂ ಆ ಪೀಳಿಗೆಯ ಕ್ಯಾನ್ಸಸ್ ಸಂಪಾದಕರು ಮಾಡಿದರು. 1875ರಲ್ಲಿ ಅವರೆಲ್ಲ ಸೇರಿ ರಾಜ್ಯದ ಇತಿಹಾಸ ಸಂಸ್ಥೆಯನ್ನು ಹುಟ್ಟುಹಾಕಿ, ತಮ್ಮ ತಮ್ಮ ಪತ್ರಿಕೆಗಳನ್ನು ಅಲ್ಲಿಗೆ ಕಳಿಸತೊಡಗಿದರು. ಹಾಗಾಗಿ ಬೇರೆ ಕಡೆ ರದ್ದಿಗೆ ಹೋದದ್ದು ಇಲ್ಲಿ ಉಳಿದಿದೆ.

ಹೋಕ್ ಮನೆತನದ ಕೈಯಲ್ಲಿ ಪತ್ರಿಕೆ 1998ರವರೆಗೆ ಇತ್ತು. ನೂರಿಪ್ಪತ್ತನಾಲ್ಕು ವರ್ಷ! ನಂತರ ಅದನ್ನು ಕೊಂಡದ್ದು ಹೊರಗಿನ ಕಂಪನಿಯಲ್ಲ, ಅಲ್ಲೇ ಕೆಲಸಕ್ಕಿದ್ದ ಬಿಲ್ ಮೇಯರ್ ಅವರ ಕುಟುಂಬ. ಬಿಲ್ 1948ರಲ್ಲಿ ಸೇರಿದವರು. ಪತ್ನಿ ಜೋನ್ ಕೂಡ ದಶಕಗಳ ಕಾಲ ಅಲ್ಲಿ ವರದಿ, ಸಂಪಾದನೆ, ಅಂಕಣ ಎಂದು ದುಡಿದರು. ಬಿಲ್ 2006ರಲ್ಲಿ ತೀರಿಕೊಂಡರು. ಮಗ ಎರಿಕ್ ಮಿಲ್ವಾಕಿಯ ದೊಡ್ಡ ಪತ್ರಿಕೆಯಲ್ಲಿದ್ದು, ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿ, ಕೋವಿಡ್ ಸಮಯದಲ್ಲಿ ತಾಯಿಯ ಬಳಿಗೆ ಮರಳಿದರು. ಬಂದವರು ಸುಮ್ಮನೆ ಕೂರಲಿಲ್ಲ. ನಗರಸಭೆಯ ನಿರ್ಧಾರಗಳನ್ನು ಕೆದಕಿ ಬರೆದರು. ಊರಿನ ಹಲವರಿಗೆ ಇದು ರುಚಿಸಲಿಲ್ಲ. ಪತ್ರಿಕೆ ಎಂದರೆ ಹುಟ್ಟುಹಬ್ಬ, ಶಾಲೆಯ ಆಟೋಟ, ನಿಧನ ವಾರ್ತೆ ಇದ್ದರೆ ಸಾಕಲ್ಲವೇ, ಊರಿನ ಮಾನ ಏಕೆ ಕಳೆಯಬೇಕು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ.

2023ರ ಆಗಸ್ಟ್‌ನಲ್ಲಿ ಪತ್ರಿಕೆಗೆ ಒಂದು ಕಾಗದ ಬಂತು: ಊರಿನ ರೆಸ್ಟೋರೆಂಟ್ ಮಾಲಕಿಯೊಬ್ಬರ ಹಳೆಯ ವಾಹನ ಚಾಲನೆಯ ದಾಖಲೆ. ವರದಿಗಾರ್ತಿಯೊಬ್ಬರು ಸರ್ಕಾರದ ಜಾಲತಾಣದಲ್ಲಿ ಅದು ಅಸಲಿಯೇ ಎಂದು ಪರಿಶೀಲಿಸಿದರು. ಕಾಗದ ಕಳಿಸಿದವರ ಉದ್ದೇಶ ಸರಿ ಇಲ್ಲ ಎನ್ನಿಸಿ ಎರಿಕ್ ಅದನ್ನು ಪ್ರಕಟಿಸದಿರಲು ತೀರ್ಮಾನಿಸಿ, ಪೊಲೀಸರಿಗೂ ತಿಳಿಸಿದರು. ಬೇರೆ ಸಂಪಾದಕರಾಗಿದ್ದರೆ ಅಂದೇ ಮುಖಪುಟಕ್ಕೆ ಏರಿಸುತ್ತಿದ್ದರೋ ಏನೋ. ಇತ್ತ ಹೊಸ ಪೊಲೀಸ್ ಮುಖ್ಯಸ್ಥ ಗಿಡಿಯನ್ ಕೋಡಿ ಅವರ ಹಿಂದಿನ ನೌಕರಿಯ ಬಗ್ಗೆಯೂ ಪತ್ರಿಕೆ ವಿಚಾರಿಸುತ್ತಿತ್ತು. ಅದನ್ನೂ ಇನ್ನೂ ಪ್ರಕಟಿಸಿರಲಿಲ್ಲ.

ಆಗಸ್ಟ್ 11ರ ಶುಕ್ರವಾರ, ಜಾಲತಾಣದಲ್ಲಿ ಆ ದಾಖಲೆ ನೋಡಿದ್ದೇ ಅಪರಾಧ ಎಂಬ ನೆಪದಲ್ಲಿ ಶೋಧ ವಾರಂಟ್ ಹಿಡಿದು ಪೊಲೀಸರು ಬಂದರು. ಕಚೇರಿಯ ಕಂಪ್ಯೂಟರು, ಸರ್ವರು, ಸಿಬ್ಬಂದಿಯ ಮೊಬೈಲು ಎಲ್ಲ ಜಪ್ತಿ. ಅದೇ ಹೊತ್ತಿಗೆ ಎರಿಕ್ ಮತ್ತು ಜೋನ್ ಇದ್ದ ಮನೆಗೂ, ನಗರಸಭೆಯ ಒಬ್ಬ ಸದಸ್ಯೆಯ ಮನೆಗೂ ನುಗ್ಗಿದರು. ಮನೆಯ ಕ್ಯಾಮೆರಾದ ದೃಶ್ಯ ನೀವೂ ನೋಡಿರಬಹುದು. 98 ವರ್ಷದ ಜೋನ್ ವಾಕರ್ ಹಿಡಿದು ನಿಂತು, ಇದು ನನ್ನ ಮನೆ, ಹೊರಗೆ ನಡೆಯಿರಿ, ಯಾವುದನ್ನೂ ಮುಟ್ಟಬೇಡಿ ಎಂದು ಅಧಿಕಾರಿಗಳಿಗೆ ಗದರುತ್ತಾರೆ. ಪೊಲೀಸರು ಮನೆಯ ಇಂಟರ್ನೆಟ್ ರೂಟರನ್ನೂ ಬಿಡಲಿಲ್ಲ. ಜೋನ್ ಬಳಸುತ್ತಿದ್ದ ಅಲೆಕ್ಸಾ ಸ್ಪೀಕರ್ ಅದರಿಂದಲೇ ನಡೆಯುತ್ತಿತ್ತು. ಬ್ಯಾಂಕಿನ ಕಾಗದಗಳನ್ನು ಹರಡಿಕೊಂಡು ಫೋಟೊ ತೆಗೆದರು. ಮರುದಿನ ಜೋನ್ ತೀರಿಕೊಂಡರು. ಆ ಆಘಾತವೇ ತಾಯಿಯನ್ನು ತೆಗೆದುಕೊಂಡಿತು ಎಂದು ಎರಿಕ್ ಹೇಳಿದರು.

ಹಳೆಯ ಸಂಚಿಕೆಗಳಿಂದ ಸುದ್ದಿ ಹೆಕ್ಕಿ ನೆನಪುಗಳ ಅಂಕಣ ಸಿದ್ಧಪಡಿಸುತ್ತಿದ್ದವರು ಜೋನ್. ನೂರು ವರ್ಷದ ಹಿಂದೆ ಈ ವಾರ ಊರಲ್ಲಿ ಏನಾಗಿತ್ತು ಎಂದು ಹುಡುಕಿ ಕೊಡುವ ಕೆಲಸ. ಆ ವಾರ ಅವರೇ ಸುದ್ದಿಯಾದರು.

ಮುಂದಿನ ಬುಧವಾರ ಪತ್ರಿಕೆ ಬರುವುದು ಸಾಧ್ಯವಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಜಾಹೀರಾತುಗಳು, ಪುಟವಿನ್ಯಾಸ, ಹೆಸರು ವಿಳಾಸಗಳೆಲ್ಲ ಪೊಲೀಸರ ವಶದಲ್ಲಿ. ಬೆರಳೆಣಿಕೆಯ ಸಿಬ್ಬಂದಿ ಹಳೆಯ ಕಂಪ್ಯೂಟರುಗಳನ್ನು ಮೂಲೆಯಿಂದ ಎತ್ತಿ ತಂದು ಜೋಡಿಸಿ, ರಾಜ್ಯದ ಪತ್ರಿಕಾ ಸಂಘದವರ ನೆರವಿನಿಂದ ರಾತ್ರಿಯಿಡೀ ಕೂತರು. ಆಗಸ್ಟ್ 16ರಂದು ಸಂಚಿಕೆ ಹೊರಬಂತು. ಜಪ್ತಿ ಮಾಡಬಹುದು, ಬಾಯಿ ಮುಚ್ಚಿಸಲಾಗದು ಎಂಬರ್ಥದ ತಲೆಬರಹ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿತ್ತು. ಅದೇ ದಿನ ಕೌಂಟಿಯ ಸರ್ಕಾರಿ ವಕೀಲರು ಸಾಕಷ್ಟು ಪುರಾವೆ ಇಲ್ಲವೆಂದು ಒಪ್ಪಿ ವಾರಂಟನ್ನು ಹಿಂಪಡೆದು, ವಸ್ತುಗಳನ್ನು ಮರಳಿಸಲು ಹೇಳಿದರು. ಎಂದೂ ಕ್ಯಾನ್ಸಸ್ ಕಾಣದ ಜನ ದೂರದೂರದಿಂದ ಚಂದಾ ಕಳಿಸಿದರು, ಸಾವಿರಾರು ಹೊಸ ಚಂದಾದಾರರು ಸೇರಿದರು.

ನಂತರದ್ದು ಚುಟುಕಾಗಿ ಹೇಳುತ್ತೇನೆ. ಅಕ್ಟೋಬರಿನಲ್ಲಿ ಕೋಡಿ ರಾಜೀನಾಮೆ ಕೊಟ್ಟರು. 2024ರ ಆಗಸ್ಟ್‌ನಲ್ಲಿ ವಿಶೇಷ ಅಭಿಯೋಜಕರು ಪತ್ರಿಕೆ ಯಾವ ಅಪರಾಧವನ್ನೂ ಮಾಡಿಲ್ಲ ಎಂದು ವರದಿ ಕೊಟ್ಟು, ನ್ಯಾಯಪ್ರಕ್ರಿಯೆಗೆ ಅಡ್ಡಿಪಡಿಸಿದ ಆರೋಪವನ್ನು ಕೋಡಿ ಮೇಲೆಯೇ ಹೊರಿಸಿದರು. 2025ರ ನವೆಂಬರಿನಲ್ಲಿ ಕೌಂಟಿ ಕ್ಷಮೆ ಕೇಳಿ, ಸುಮಾರು 30 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಆ ಸುದ್ದಿಯನ್ನೂ ಇದೇ ಪತ್ರಿಕೆಯೇ ಬರೆಯಬೇಕಾಯಿತು.

ಇಡೀ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದಾಳಿಯಲ್ಲ, ಅದಕ್ಕೆ ನೆಪವಾದ ಕೆಲಸ. ವರದಿಗಾರ್ತಿ ಮಾಡಿದ್ದು ಸಾರ್ವಜನಿಕ ದಾಖಲೆಯೊಂದನ್ನು ತೆರೆದು, ಬಂದ ಮಾಹಿತಿ ನಿಜವೇ ಎಂದು ತಾಳೆ ನೋಡಿದ್ದು. ನಾಲ್ವರು ಸಾಕ್ಷಿಗಳ ಹೆಸರನ್ನು ಅಚ್ಚು ಹಾಕಿ ಊರಿನ ಮುಂದೆ ಇಡುತ್ತಿದ್ದ ಹಳೆಯ ಕಸುಬಿನ ಮುಂದುವರಿಕೆ ಅದು. ಅದು ಅಪರಾಧದಂತೆ ಕಂಡಿದ್ದು ಏಕೆಂದರೆ, ಅಧಿಕಾರದಲ್ಲಿರುವವರಿಗೆ ತಮ್ಮ ಕಾಗದವನ್ನು ಯಾರಾದರೂ ತೆಗೆದು ಓದುತ್ತಾರೆ ಎಂಬ ಅಭ್ಯಾಸವೇ ತಪ್ಪಿಹೋಗುತ್ತಿದೆ. ಅಮೆರಿಕದಲ್ಲಿ 2005ರಿಂದ ಈಚೆಗೆ ಮೂರರಲ್ಲಿ ಒಂದಕ್ಕೂ ಹೆಚ್ಚು ಪತ್ರಿಕೆಗಳು ಮುಚ್ಚಿವೆ. ಯಾವ ಸ್ಥಳೀಯ ಸುದ್ದಿಮೂಲವೂ ಇಲ್ಲದ ಕೌಂಟಿಗಳು ಇನ್ನೂರು ದಾಟಿವೆ. ಅಲ್ಲೆಲ್ಲ ನಗರಸಭೆಯ ಸಭೆಯಲ್ಲಿ ವರದಿಗಾರರು ಕೂರಬೇಕಾದ ಹಿಂದಿನ ಸಾಲು ಖಾಲಿ.

ಮುಂದಿನ ವಿಡಿಯೊ ರಾಜಧಾನಿ ಟೊಪೀಕಾದಿಂದ. ಆ ಇತಿಹಾಸ ಸಂಸ್ಥೆಯ ಮೈಕ್ರೊಫಿಲ್ಮ್ ಸುರುಳಿಗಳಲ್ಲಿ ಮಿಡತೆಯ ವರ್ಷದ ಪುಟಗಳನ್ನು ಹುಡುಕುವ ಆಸೆಯಿದೆ. ನಿಮಗೂ ಆ ಕಾಲದ ಪತ್ರಿಕೆಯಲ್ಲಿ ಇಂಥದ್ದನ್ನೇ ನೋಡಬೇಕು ಎಂದಿದ್ದರೆ ಈಗಲೇ ಬರೆದು ತಿಳಿಸಿ, ಪಟ್ಟಿ ಮಾಡಿಕೊಂಡು ಹೋಗುತ್ತೇನೆ.