ಕರೆಂಟ್ ಬಿಲ್ ಲೆಕ್ಕ ಹೇಗೆ? ಮೀಟರ್ ಮುಂದೆ ನಿಂತೇ ನೋಡೋಣ

(ತೆರೆಯ ಮೇಲೆ: ಮೀಟರ್, ಮಿನುಗುವ ಕೆಂಪು ದೀಪ)

ಈ ಕೆಂಪು ದೀಪ ಕಾಣ್ತಾ ಇದೆ ಅಲ್ವಾ? ನಿಮ್ಮ ಬಿಲ್ ಹುಟ್ಟುವುದು ಇಲ್ಲೇ. ಬಿಲ್ಲಿನ ಕಾಗದ ಆಮೇಲೆ ತೆಗೆಯೋಣ.

ಮೀಟರ್ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. ನನ್ನದರಲ್ಲಿ 3200 ಅಂತಿದೆ, ನಿಮ್ಮದರಲ್ಲಿ ಬೇರೆ ಇರಬಹುದು. ಈ ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್ ಮುಗಿಯಿತು ಅಂತ ಅರ್ಥ. ಯೂನಿಟ್ ಅಂದರೆ 1000 ವ್ಯಾಟ್‌ನ ವಸ್ತು ಒಂದು ಗಂಟೆ ಓಡಿದರೆ ಆಗುವ ಖರ್ಚು, ಅದೇ ಕಿಲೋವ್ಯಾಟ್ ಅವರ್. 100 ವ್ಯಾಟ್‌ನದು ಹತ್ತು ಗಂಟೆ ಓಡಿದರೂ ಅಷ್ಟೇ.

ಈಗ ಒಂದು ಆಟ. ಮನೆಯಲ್ಲಿ ಎಲ್ಲ ಆಫ್ ಮಾಡಿ, ಗೀಸರ್ ಒಂದನ್ನೇ ಹಾಕಿ, ಗಡಿಯಾರ ಹಿಡಿದು ಮೀಟರ್ ಮುಂದೆ ನಿಲ್ಲಿ. ನನಗೆ 32 ಮಿನುಗಿಗೆ 18 ಸೆಕೆಂಡ್ ಹಿಡಿಯಿತು. 32 ಅಂದರೆ ಯೂನಿಟ್‌ನ ನೂರರಲ್ಲಿ ಒಂದು ಪಾಲು, ಅದು 18 ಸೆಕೆಂಡಿಗೆ ಹೋದರೆ ಗಂಟೆಗೆ ಎರಡು ಯೂನಿಟ್. ಗೀಸರ್ ಮೇಲೆ ಬರೆದಿರುವುದೂ 2000 ವ್ಯಾಟ್ ಅಂತಲೇ! ಮೀಟರ್ ಜೋರಾಗಿ ಓಡುತ್ತಿದೆ ಅಂತ ಅನುಮಾನ ಇದ್ದರೆ ಮೊದಲು ಇದನ್ನು ಮಾಡಿ ನೋಡಿ, ಜಗಳ ಆಮೇಲೆ.

15 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ಬೇಕು. ಅಷ್ಟರಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ 50 ಗಂಟೆಗೂ ಜಾಸ್ತಿ ಉರಿಯುತ್ತದೆ. ಹಾಗಾಗಿ ಲೈಟ್ ಆರಿಸಿಲ್ಲ ಅಂತ ಮನೆಯವರ ಮೇಲೆ ಕೂಗಾಡುವ ಮೊದಲು ಗೀಸರ್, ಇಸ್ತ್ರಿ ಪೆಟ್ಟಿಗೆ, ಎಸಿ ಕಡೆ ಕಣ್ಣು ಹಾಯಿಸಿ. ಬಿಸಿ ಮಾಡುವ, ತಂಪು ಮಾಡುವ ಸಾಮಾನುಗಳೇ ಕರೆಂಟ್ ತಿನ್ನುವುದು. ಫ್ರಿಡ್ಜ್ ಮಾತ್ರ ಸ್ವಲ್ಪ ಬೇರೆ, ದಿನವಿಡೀ ಪ್ಲಗ್‌ನಲ್ಲಿದ್ದರೂ ಅದರ ಕಂಪ್ರೆಸರ್ ಸಾಮಾನ್ಯವಾಗಿ ಓಡಿ, ನಿಂತು, ಮತ್ತೆ ಓಡುತ್ತದೆ, ಅದಕ್ಕೇ ಸುಮ್ನೆ ವ್ಯಾಟ್ ಇಂಟು 24 ಗಂಟೆ ಅಂತ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

(ತೆರೆಯ ಮೇಲೆ: ಬಿಲ್)

ಸರಿ, ಬಿಲ್ ತೆಗೆಯಿರಿ. ಈ ಸಲದ ರೀಡಿಂಗ್‌ನಿಂದ ಹಿಂದಿನ ರೀಡಿಂಗ್ ಕಳೆದರೆ ಬಳಸಿದ ಯೂನಿಟ್ ಬಂತು. ನಾನು ಒಮ್ಮೆ 4812.6 ಇದ್ದದ್ದನ್ನು ಚುಕ್ಕಿ ಕಾಣದೆ 48126 ಅಂತ ಓದಿಕೊಂಡು ಎದೆ ಧಸಕ್ಕೆಂದಿತ್ತು! ಮೀಟರ್ ಪರದೆ ವೋಲ್ಟೇಜ್, ದಿನಾಂಕ ಎಲ್ಲ ಒಂದಾದ ಮೇಲೊಂದು ತೋರಿಸುತ್ತಾ ಹೋಗುತ್ತದೆ, ಕೆಡಬ್ಲ್ಯೂಎಚ್ (kWh, ಅಂದರೆ ಅದೇ ಕಿಲೋವ್ಯಾಟ್ ಅವರ್) ಬರುವವರೆಗೆ ಕಾಯಿರಿ.

ಆಮೇಲೆ ಸ್ಲ್ಯಾಬ್, ಅಂದರೆ ಬಳಕೆಯ ಹಂತ, ಹಂತಕ್ಕೊಂದು ದರ. ಜಾಸ್ತಿ ಗೊಂದಲ ಇಲ್ಲೇ. ಮೊದಲ ಸ್ಲ್ಯಾಬ್ 100 ಯೂನಿಟ್‌ವರೆಗೆ ಅಂದುಕೊಳ್ಳಿ, ನೀವು 120 ಬಳಸಿದ್ದೀರಿ. ಸಾಮಾನ್ಯವಾಗಿ ಮೊದಲ 100ಕ್ಕೆ ಮೊದಲ ಸ್ಲ್ಯಾಬ್‌ನ ದರವೇ, ಮೇಲಿನ 20ಕ್ಕೆ ಮಾತ್ರ ಹೆಚ್ಚಿನ ದರ. ಆದರೆ ಕೆಲವು ದರಪಟ್ಟಿಗಳಲ್ಲಿ ಗೆರೆ ದಾಟಿದರೆ ಎಲ್ಲ 120ಕ್ಕೂ ಆ ಹೆಚ್ಚಿನ ದರ ಬೀಳುತ್ತದೆ. ಅಲ್ಲಿ ಒಂದೇ ಒಂದು ಯೂನಿಟ್ ಜಾಸ್ತಿಯಾದರೂ ಬಿಲ್ ಜಿಗಿಯುತ್ತದೆ. ಎಲ್ಲ ಯೂನಿಟ್‌ಗೂ ಒಂದೇ ದರ, ಇಲ್ಲವೇ ಹೊತ್ತಿಗೊಂದು ದರ ಇರುವ ಕಡೆಗಳೂ ಇವೆ. ನಿಮ್ಮದು ಯಾವುದು ಅಂತ ದರಪಟ್ಟಿ ನೋಡಿಕೊಳ್ಳಿ.

ದಿನಗಳನ್ನೂ ಎಣಿಸಿ. ದಿನಕ್ಕೆ 5 ಯೂನಿಟ್ ಖರ್ಚಿದ್ದರೆ 30 ದಿನಕ್ಕೆ 150, ರೀಡಿಂಗ್ ತಡವಾಗಿ 36 ದಿನ ಆದರೆ 180. ನೀವು ಏನೂ ಜಾಸ್ತಿ ಬಳಸಿಲ್ಲ, ಆದರೂ ಬಿಲ್ ಏರಿತು.

ಫಿಕ್ಸೆಡ್ ಚಾರ್ಜ್ ಅನ್ನುವುದು ಸಂಪರ್ಕಕ್ಕೆ ಕೊಡುವ ದುಡ್ಡು. ಎಷ್ಟೋ ಕಡೆ ಅದು ನೀವು ಪಡೆದ ಲೋಡ್ ಮೇಲೆ, ಅಂದರೆ ಎಷ್ಟು ಕಿಲೋವ್ಯಾಟ್‌ಗೆ ಅನುಮತಿ ಇದೆ ಅನ್ನುವುದರ ಮೇಲೆ ನಿಂತಿರುತ್ತದೆ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಇದು ತಪ್ಪಲ್ಲ. ಇದರ ಜೊತೆಗೆ ತೆರಿಗೆ, ಕೆಲವು ಕಡೆ ಇಂಧನ ಹೊಂದಾಣಿಕೆ ಶುಲ್ಕ, ಅಂದರೆ ಇಂಧನದ ಬೆಲೆ ಏರಿಳಿದಂತೆ ಬದಲಾಗುವ ಶುಲ್ಕ.

ಕೊನೆಯದಾಗಿ, ರೀಡಿಂಗ್ ಸಿಗದಿದ್ದಾಗ ಅಂದಾಜು ಬಿಲ್ ಬರುತ್ತದೆ, ಮುಂದಿನ ಸಲ ಎರಡೂ ಅವಧಿಯ ಯೂನಿಟ್ ಒಟ್ಟಿಗೆ ಬಂದು ಬೀಳಬಹುದು. ಆಗ ಎರಡು ವಿಷಯ ನೋಡಿ. ಸ್ಲ್ಯಾಬ್ ಮಿತಿಯನ್ನೂ ಎರಡು ಅವಧಿಗೆ ಹಂಚಿದ್ದಾರಾ, ನೀವು ಆಗಲೇ ಕಟ್ಟಿದ್ದ ಅಂದಾಜು ಹಣವನ್ನು ಕಳೆದಿದ್ದಾರಾ. ಇಲ್ಲದಿದ್ದರೆ ಮೀಟರ್‌ನ ಫೋಟೊ ತೆಗೆದುಕೊಂಡು ಕಚೇರಿಗೆ ಹೋಗಿ ಕೇಳಿ.