ನೈಜೀರಿಯಾದ ಡೆಪ್ಯುಟಿ ಗವರ್ನರ್: ಹುದ್ದೆ ಭದ್ರ, ಕೆಲಸ ಅತಂತ್ರ

ಕೇಳುಗರಿಗೆ ನಮಸ್ಕಾರ.

ನೈಜೀರಿಯಾದ 36 ರಾಜ್ಯಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಡೆಪ್ಯುಟಿ ಗವರ್ನರ್ ಇರತಕ್ಕದ್ದು ಎಂದು ಆ ದೇಶದ 1999ರ ಸಂವಿಧಾನ ವಿಧಿಸಿದೆ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ರಾಷ್ಟ್ರಪತಿಯಿಂದ ನೇಮಕವಾಗಿ ಬಂದವರಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ, ನಾಲ್ಕು ವರ್ಷಗಳ ಕಾಲ ರಾಜ್ಯದ ಆಡಳಿತವನ್ನು ತಾವೇ ನಡೆಸುವವರು. ಅಧಿಕಾರದ ದೃಷ್ಟಿಯಿಂದ ಅವರು ನಮ್ಮ ಮುಖ್ಯಮಂತ್ರಿಗಳಿಗೆ ಹತ್ತಿರದವರು. ಹಾಗೆಂದು ಅವರ ಡೆಪ್ಯುಟಿಯನ್ನು ನಮ್ಮ ಉಪಮುಖ್ಯಮಂತ್ರಿಗೆ ಸಮನೆಂದು ತಿಳಿಯುವಂತಿಲ್ಲ. ನಮ್ಮ ಸಂವಿಧಾನದಲ್ಲಿ ಉಪಮುಖ್ಯಮಂತ್ರಿಯ ಪ್ರಸ್ತಾಪವೇ ಇಲ್ಲದಿದ್ದರೂ, ಆ ಸ್ಥಾನದಲ್ಲಿ ಕುಳಿತವರ ಕೈಯಲ್ಲಿ ಸಾಮಾನ್ಯವಾಗಿ ಒಂದೆರಡು ತೂಕದ ಖಾತೆಗಳಿರುತ್ತವೆ. ನೈಜೀರಿಯಾದಲ್ಲಿ ಹುದ್ದೆಗೆ ಸಂವಿಧಾನದ ಆಸರೆಯುಂಟು, ಖಾತೆಯ ಖಾತರಿ ಮಾತ್ರ ಇಲ್ಲ.

ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸುವವರು ತಮ್ಮ ಡೆಪ್ಯುಟಿ ಯಾರೆಂಬುದನ್ನು ಮೊದಲೇ ಹೆಸರಿಸದಿದ್ದರೆ ಅವರ ಉಮೇದುವಾರಿಕೆ ಸಿಂಧುವಾಗುವುದಿಲ್ಲ. ಗೆದ್ದರೆ ಇಬ್ಬರೂ ಒಟ್ಟಿಗೇ ಗೆಲ್ಲುತ್ತಾರೆ. ಆದರೆ ಗೆದ್ದ ಮರುದಿನದಿಂದ ಡೆಪ್ಯುಟಿ ಏನು ಮಾಡಬೇಕು ಎಂಬ ಪ್ರಶ್ನೆಗೆ 193ನೆಯ ವಿಧಿ ಕೊಡುವ ಉತ್ತರ ಬಹಳ ಚಿಕ್ಕದು: ಗವರ್ನರ್ ತಮ್ಮ ವಿವೇಚನೆಯಂತೆ ವಹಿಸಿದ ಕೆಲಸವನ್ನು ಮಾಡಬೇಕು. ಏನನ್ನೂ ವಹಿಸದಿದ್ದರೆ ಕೇಳುವವರಿಲ್ಲ. ಆದ್ದರಿಂದಲೇ ಅಲ್ಲಿನ ಜನ ಈ ಹುದ್ದೆಯನ್ನು ಕಾರಿನ ಸ್ಟೆಪ್ನಿ ಎಂದು ಆಡಿಕೊಳ್ಳುತ್ತಾರೆ.

ಗವರ್ನರ್ ನಿಧನರಾದರೆ, ರಾಜೀನಾಮೆಯಿತ್ತರೆ ಅಥವಾ ಪದಚ್ಯುತರಾದರೆ ಆ ಸ್ಥಾನ ಡೆಪ್ಯುಟಿಗೆ ತಾನಾಗಿಯೇ ಸಲ್ಲುತ್ತದೆ. 2005ರ ಡಿಸೆಂಬರಿನಲ್ಲಿ ಬಯೆಲ್ಸಾ ರಾಜ್ಯದ ಗವರ್ನರ್ ಪದಚ್ಯುತರಾದಾಗ, ಆರು ವರ್ಷಗಳಿಂದ ಡೆಪ್ಯುಟಿಯಾಗಿದ್ದ ಗುಡ್‌ಲಕ್ ಜೊನಾಥನ್ ಗವರ್ನರ್ ಆದರು. 2007ರಲ್ಲಿ ದೇಶದ ಉಪಾಧ್ಯಕ್ಷರಾಗಿ, 2010ರಲ್ಲಿ ಅಧ್ಯಕ್ಷ ಯಾರ್ ಅದುವಾ ತೀರಿಕೊಂಡಾಗ ಅಧ್ಯಕ್ಷರೂ ಆದರು. 2006ರ ನವೆಂಬರಿನಲ್ಲಿ ಅನಂಬ್ರಾ ರಾಜ್ಯದಲ್ಲಿ ಇದೇ ನಿಯಮದಂತೆ ವರ್ಜೀನಿಯಾ ಎಟಿಯಾಬಾ ಆ ದೇಶದ ಮೊದಲ ಮಹಿಳಾ ಗವರ್ನರ್ ಆದರು. ನ್ಯಾಯಾಲಯ ಹಿಂದಿನ ಗವರ್ನರ್ ಅವರ ಪದಚ್ಯುತಿಯನ್ನು ರದ್ದುಪಡಿಸಿದ ಮೇಲೆ 2007ರ ಫೆಬ್ರುವರಿಯಲ್ಲಿ ಅಧಿಕಾರ ಬಿಟ್ಟುಕೊಟ್ಟರು.

ಇಬ್ಬರ ನಡುವೆ ಮನಸ್ತಾಪ ಬಂದಾಗ ಈ ವ್ಯವಸ್ಥೆಯ ಬಿರುಕು ಕಾಣಿಸಿಕೊಳ್ಳುತ್ತದೆ. ಚುನಾಯಿತ ಡೆಪ್ಯುಟಿಯನ್ನು ಗವರ್ನರ್ ತಾವಾಗಿ ವಜಾ ಮಾಡುವಂತಿಲ್ಲ. ರಾಜ್ಯ ಶಾಸನಸಭೆಯ ಮೂರನೇ ಒಂದು ಭಾಗದ ಸದಸ್ಯರು ಆರೋಪಪತ್ರಕ್ಕೆ ಸಹಿ ಹಾಕಬೇಕು, ಮುಖ್ಯ ನ್ಯಾಯಾಧೀಶರು ಏಳು ಮಂದಿಯ ತನಿಖಾ ಸಮಿತಿಯನ್ನು ನೇಮಿಸಬೇಕು, ಕೊನೆಗೆ ಮೂರನೇ ಎರಡರಷ್ಟು ಬಹುಮತ ಬೇಕು. ಓದಲು ಕಟ್ಟುನಿಟ್ಟಾಗಿಯೇ ಕಾಣುವ ಈ ಕ್ರಮ, ಸಭೆ ಗವರ್ನರ್ ಅವರ ಮುಷ್ಟಿಯಲ್ಲಿದ್ದರೆ ಎಷ್ಟು ಸಡಿಲವಾಗಬಲ್ಲದು ಎಂಬುದಕ್ಕೆ ಎನುಗು ರಾಜ್ಯದ ಪ್ರಕರಣವನ್ನು ನೋಡಬಹುದು. ಅಲ್ಲಿನ ಗವರ್ನರ್ ಚಿಕಿತ್ಸೆಗೆಂದು ತಿಂಗಳುಗಟ್ಟಲೆ ದೂರವಿದ್ದಾಗ ರಾಜ್ಯಭಾರವನ್ನೆಲ್ಲ ನೋಡಿಕೊಂಡಿದ್ದ ಡೆಪ್ಯುಟಿ ಸಂಡೇ ಒನ್ಯೆಬುಚಿ ಅವರನ್ನು 2014ರ ಆಗಸ್ಟಿನಲ್ಲಿ ಶಾಸನಸಭೆ ಪದಚ್ಯುತಗೊಳಿಸಿತು. ಆರೋಪಗಳಲ್ಲಿ ಒಂದು, ಸರ್ಕಾರಿ ನಿವಾಸದ ಆವರಣದಲ್ಲಿ ಕೋಳಿ ಸಾಕಿದ್ದು. ಮತ್ತೊಂದು, ಗವರ್ನರ್ ಅವರ ಪ್ರತಿನಿಧಿಯಾಗಿ ಸಮಾರಂಭಗಳಿಗೆ ಹೋಗದಿದ್ದುದು. ಹೈಕೋರ್ಟು ಮರುವರ್ಷದ ಡಿಸೆಂಬರಿನಲ್ಲಿ ಈ ಪದಚ್ಯುತಿಯನ್ನು ಅಸಿಂಧುವೆಂದು ಸಾರಿತು, ಆದರೆ ಅಷ್ಟು ಹೊತ್ತಿಗೆ ಅವರ ಅವಧಿಯೇ ಮುಗಿದುಹೋಗಿತ್ತು. 2024ರಲ್ಲಿ ಎಡೊ ರಾಜ್ಯದ ಡೆಪ್ಯುಟಿಯೂ ಏಪ್ರಿಲ್‌ನಲ್ಲಿ ಹುದ್ದೆ ಕಳೆದುಕೊಂಡರು, ಜುಲೈನಲ್ಲಿ ನ್ಯಾಯಾಲಯ ಆ ಪದಚ್ಯುತಿಯನ್ನು ರದ್ದುಪಡಿಸಿತು.

ಹೀಗೆ ಪ್ರತಿ ಸಲವೂ ನ್ಯಾಯಾಲಯವೇ ಬಂದು ಸರಿಪಡಿಸಲಿ ಎಂದು ಕಾಯುವುದಕ್ಕಿಂತ, ಒಂದಾದರೂ ನಿಶ್ಚಿತ ಖಾತೆಯನ್ನು ಡೆಪ್ಯುಟಿಗೆ ಸಂವಿಧಾನದಲ್ಲಿಯೇ ಬರೆದುಕೊಡುವುದು ಲೇಸೆಂದು ನನಗೆ ತೋರುತ್ತದೆ. ಅದರಿಂದ ರಾಜ್ಯಕ್ಕೆ ಇಬ್ಬರು ಯಜಮಾನರಾಗುತ್ತಾರೆಂಬ ಆಕ್ಷೇಪದಲ್ಲಿ ಹುರುಳಿಲ್ಲ. ಅದೇ ಗವರ್ನರ್ ಅವರ ಕೈಕೆಳಗೆ ಹಲವು ಕಮಿಷನರುಗಳು, ಅಂದರೆ ನಮ್ಮ ಮಂತ್ರಿಗಳಂಥವರು, ತಮ್ಮ ತಮ್ಮ ಖಾತೆಗಳನ್ನು ಈಗಲೂ ನಡೆಸುತ್ತಲೇ ಇದ್ದಾರೆ, ಮತ್ತು ಅವರಲ್ಲಿ ಒಬ್ಬರೂ ಆ ಹುದ್ದೆಗೆ ಜನರ ಮತ ಪಡೆದು ಬಂದವರಲ್ಲ.