ಹೊಟ್ಟೆ ಡಾಕ್ಟರಿಗೆ ಬಾಯಿ ತೋರಿಸಿದ್ದು

ಕೇಳುಗರಿಗೆ ನಮಸ್ಕಾರ.

ಬದಿಯಡ್ಕದ ಕಡೆಯ ನನ್ನ ಸೋದರಮಾವನಿಗೆ ಹೊಟ್ಟೆಯ ಕ್ಯಾನ್ಸರ್ ಗೆಡ್ಡೆ ತೆಗೆಸಿ ಮೂರು ವರ್ಷವಾಯಿತು. ಮೊನ್ನೆ ಚೆಕಪ್ಪಿಗೆಂದು ಮಂಗಳೂರಿಗೆ ಹೊರಟಾಗ ಜೊತೆಗೆ ನಾನೂ ಬಸ್ಸು ಹತ್ತಿದೆ. ತಲಪಾಡಿ ದಾಟುವಾಗ ಮಾವ ಮೆಲ್ಲಗೆ ಬಾಯಿಬಿಟ್ಟರು. "ಕೆನ್ನೆಯ ಒಳಗೊಂದು ಹುಣ್ಣು ಉಂಟು ಮಾರಾಯ, ಒಂದೂವರೆ ತಿಂಗಳಾಯ್ತು. ಇವರು ಹೊಟ್ಟೆ ಡಾಕ್ಟರು. ಬಾಯಿ ತೋರಿಸಿದರೆ ನಗಾಡಿಯಾರಾ?"

ಮೂರು ವಾರವಾದರೂ ಆರದ ಹುಣ್ಣನ್ನು ಯಾರಿಗಾದರೂ ತೋರಿಸಲೇಬೇಕು. ಮಾವನಂಥವರಂತೂ ಸುಮ್ನೆ ಕೂರಬಾರದು. ಹೊಟ್ಟೆಯ ಕ್ಯಾನ್ಸರ್ ಗುಣವಾದ ಕೆಲವರಿಗೆ ಬೇರೆ ಕಡೆ ಎರಡನೇ ಕ್ಯಾನ್ಸರ್ ಹುಟ್ಟುವುದುಂಟು. ಅದು ಹಳೆಯದು ಹರಡಿದ್ದಲ್ಲ. ಹಳೆಯ ಮರದ ಬೀಜ ಬಿದ್ದು ಎದ್ದ ಸಸಿಯಲ್ಲ, ಬೇರೆಯೇ ಮರ. ಅದಕ್ಕೆ ಮದ್ದೂ ಬೇರೆ.

ಯಾರಿಗೆ ಬಂದೀತು ಎಂದು ಅಂದಾಜು ಮಾಡಲು ನೋಮೋಗ್ರಾಮ್ ಎಂಬ ಲೆಕ್ಕದ ಪಟ್ಟಿಗಳಿವೆ. ವಯಸ್ಸಿಗೆ ಇಷ್ಟು ಅಂಕ, ಗೆಡ್ಡೆಯ ಗಾತ್ರಕ್ಕೆ ಇಷ್ಟು, ರೋಗದ ಹಂತಕ್ಕೆ ಇಷ್ಟು. ಎಲ್ಲ ಕೂಡಿದರೆ ನೂರರಲ್ಲಿ ಎಷ್ಟು ಮಂದಿಗೆ ಎಂಬ ಅಂದಾಜು ಸಿಗುತ್ತದೆ. ತಮಾಷೆ ನೋಡಿ, ಬೇಗ ಪತ್ತೆಯಾಗಿ ಚೆನ್ನಾಗಿ ಗುಣವಾದವರಿಗೇ ಅಂಕ ಜಾಸ್ತಿ ಬರುವುದುಂಟು. ಗಾಬರಿ ಬೇಡ. ಅವರು ಹೆಚ್ಚು ವರ್ಷ ಬದುಕುತ್ತಾರೆ, ಹೊಸದು ಹುಟ್ಟಲು ಸಮಯವೂ ಹೆಚ್ಚು ಸಿಗುತ್ತದೆ, ಅಷ್ಟೆ.

ನನ್ನ ತಕರಾರು ಬೇರೆ. ಇಂಥ ಹಲವು ಪಟ್ಟಿಗಳು ಹುಟ್ಟಿದ್ದು ಅಮೆರಿಕದ ಸೀರ್ ಎಂಬ ಕ್ಯಾನ್ಸರ್ ರೋಗಿಗಳ ದಾಖಲೆಯಿಂದ. ಅದರಲ್ಲಿ 1973ರಿಂದ ಲಕ್ಷಾಂತರ ರೋಗಿಗಳ ವಿವರ ಇದೆ. ಆದರೆ ಯಾರು ಬೀಡಿ ಸೇದಿದರು, ಯಾರು ಹೊಗೆಸೊಪ್ಪು ಜಗಿದರು ಎಂಬುದು ಮಾತ್ರ ಇಲ್ಲ. ನಮ್ಮ ಜಗಲಿಯ ಎಲೆತಟ್ಟೆ ಆ ಲೆಕ್ಕಕ್ಕೆ ಕಾಣುವುದೇ ಇಲ್ಲ! ತಂಬಾಕು ಹೊಟ್ಟೆಯನ್ನೂ ಕೆಡಿಸುತ್ತದೆ, ಬಾಯಿ, ಅನ್ನನಾಳ, ಶ್ವಾಸಕೋಶವನ್ನೂ ಬಿಡುವುದಿಲ್ಲ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ಅಡಿಕೆ ಮಾರಿದ ದುಡ್ಡಿನಲ್ಲೇ ಓದಿದವನು ನಾನು. ಹೇಳಲು ಕಷ್ಟ, ಆದರೂ ಹೇಳಬೇಕು ಅಲ್ವಾ?

ಡಾಕ್ಟರು ನಗಾಡಲಿಲ್ಲ. ಟಾರ್ಚ್ ಹಿಡಿದು ಕೆನ್ನೆ ಎಳೆದು ನೋಡಿದರು. "ಎಲೆ ತಿನ್ನಲು ಶುರುಮಾಡಿ ಎಷ್ಟು ವರ್ಷ?" ಎಂದರು.

"ಮದುವೆಗೆ ಮುಂಚಿನಿಂದ."

ಅದೇ ದಿನ ಹುಣ್ಣಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬರುವುದು ಮುಂದಿನ ವಾರ. ವಾಪಸ್ ಬರುವಾಗ ಬಸ್ಸಿನಲ್ಲಿ ಮಾವ ಅಭ್ಯಾಸದಿಂದ ಎಲೆಯಡಿಕೆ ಚೀಲ ಬಿಚ್ಚಿದರು. ನನ್ನ ಮುಖ ನೋಡಿದರು. ಮತ್ತೆ ಕಟ್ಟಿದರು.